ಭೋಪಾಲಿಗೆ ಒಯ್ದ ಪೇಟ

ಇದನ್ನು ಬರೆಯಲು ಹಲವು ಸಲ ಕೂತು ಹಾಗೇ ಎದ್ದಿದ್ದೇನೆ. ಒಮ್ಮೆ ಮೊಮ್ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಇನ್ನೊಮ್ಮೆ ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದುಕೊಂಡೆ. ಮದುವೆಯೂ ಆಯಿತು, ಪೊರೆಯನ್ನೂ ತೆಗೆದರು. ಈಗ ಅಕ್ಷರ ಚೆನ್ನಾಗಿ ಕಾಣುತ್ತದೆ, ನೆಪ ಮಾತ್ರ ಯಾವುದೂ ಉಳಿದಿಲ್ಲ.

ನಾನು ಯಾರಿಗೆ ತಪ್ಪು ಮಾಡಿದೆನೋ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ಅವರನ್ನು ಕೇಳದೆಯೇ ಅವರ ವೇದಿಕೆ ಹತ್ತಿದವನು ನಾನು. ಕೇಳದೆ ಅವರ ಹೆಸರನ್ನೂ ಕೂಗಿಬಿಟ್ಟರೆ ಅದೇ ತಪ್ಪನ್ನು ಮತ್ತೆ ಮಾಡಿದಂತಾಗುತ್ತದೆ. ಮೇಡಂ ಎಂದಷ್ಟೇ ಬರೆಯುತ್ತೇನೆ. ಎದುರಿಗೆ ಕರೆದದ್ದೂ ಹಾಗೆಯೇ.

ಶಿವಮೊಗ್ಗದಲ್ಲಿ ನನ್ನದು ಶಾಮಿಯಾನದ ಅಂಗಡಿ. ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಕಂಬ, ಬಟ್ಟೆ, ಕುರ್ಚಿಗಳನ್ನು ಬಾಡಿಗೆಗೆ ಕೊಡುವುದರಿಂದ ಶುರುವಾದ ವ್ಯಾಪಾರ ಮೈಕು ಸೆಟ್ಟಿಗೆ ಬೆಳೆದು, ಕೊನೆಗೆ ಸನ್ಮಾನದ ಸಾಮಾನಿಗೂ ಬಂತು. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ನಮ್ಮಲ್ಲೇ ಸಿಗುತ್ತಿತ್ತು. ಊರಿನಲ್ಲಿ ಯಾರಿಗೆ ಸನ್ಮಾನವಾದರೂ ಪೇಟ ನನ್ನ ಅಂಗಡಿಯದೇ. ಎತ್ತರ ಬೆನ್ನಿನ ಮಖಮಲ್ ಕುರ್ಚಿಯಲ್ಲಿ ಯಾರು ಕೂರಬೇಕು, ಮೊದಲ ಹಾರ ಯಾರಿಗೆ, ಯಾರನ್ನು ಬಿಟ್ಟರೆ ಯಾರು ಮುನಿಸಿಕೊಳ್ಳುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಒಂದು ಕಾರ್ಯಕ್ರಮದಲ್ಲಿ ಭಾಷಣಕಾರರು ಏನು ಹೇಳಿದರು ಎಂದು ಕೇಳಿದರೆ ನಾನು ಹೇಳಲಾರೆ. ಯಾರ ಹಾರ ದೊಡ್ಡದಿತ್ತು ಎಂದು ಹೇಳಬಲ್ಲೆ.

ಭದ್ರಾವತಿಯ ಹಳೇನಗರದ ಕಡೆ ಒಂದು ಹೈಸ್ಕೂಲಿದೆ. ನಮ್ಮಪ್ಪ ಮತ್ತು ಅವರ ಕೆಲವು ಸ್ನೇಹಿತರು ಸೇರಿ ಕಟ್ಟಿಸಿದ್ದು. ಅಪ್ಪನ ನಂತರ ಅದರ ಕಮಿಟಿಗೆ ನಾನು ಕಾರ್ಯದರ್ಶಿಯಾದೆ. ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿದಿತ್ತು. ಮೇಡಂ ಎಂ.ಎ., ಬಿ.ಎಡ್. ಮಾಡಿದವರು, ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಕೇಳಲು ದೊಡ್ಡದಾಗಿರುತ್ತದೆ ಎಂದು ಕಮಿಟಿಯವರು ಆ ಹುದ್ದೆಯನ್ನು ಪ್ರಿನ್ಸಿಪಾಲ್ ಎಂದೇ ಕರೆಯುತ್ತಿದ್ದೆವು. ಅವರು ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ದಿನವೂ ಬಸ್ಸಿನಲ್ಲಿ ಭದ್ರಾವತಿಗೆ ಬರುತ್ತಿದ್ದರು. ನಾನು ಅದೇ ಊರಿನ ವಿದ್ಯಾನಗರದಿಂದ ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗಿ ಅವರಿಗೆ ಬುದ್ಧಿ ಹೇಳಿ ಬರುತ್ತಿದ್ದೆ.

ಆ ಶಾಲೆಯಲ್ಲಿ ಅವರೊಂದು ಪದ್ಧತಿ ತಂದಿದ್ದರು. ಹತ್ತನೇ ತರಗತಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತ ಮಕ್ಕಳನ್ನು ಮತ್ತೆ ಶಾಲೆಗೆ ಕರೆಸುತ್ತಿದ್ದರು. ಬಹಳಷ್ಟು ಮಕ್ಕಳು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಕಳೆದುಕೊಂಡವರ ಮನೆಯವರು. ಬಂದವರನ್ನು ಮೂಲೆಯಲ್ಲಿ ಕೂರಿಸಿ ಪಾಠ ಒಪ್ಪಿಸಿಕೊಳ್ಳುತ್ತಿರಲಿಲ್ಲ. ಒಂಬತ್ತನೇ ತರಗತಿಯ ಮುಂದೆ ನಿಲ್ಲಿಸಿ, ತಾವು ಯಾವ ಪಾಠದಲ್ಲಿ ತಪ್ಪಿದರೋ ಅದೇ ಪಾಠವನ್ನು ಹೇಳಿಕೊಡಲು ಬಿಡುತ್ತಿದ್ದರು. ಹೇಳಿಕೊಡುವ ಮೊದಲು ಒಂದು ಮಾತು ಹೇಳಲೇಬೇಕು, ಅದು ಅಲ್ಲಿನ ನಿಯಮ: "ನಾನು ತಪ್ಪಿದ್ದು ಇಲ್ಲಿ."

ಒಮ್ಮೆ ವರಾಂಡದಲ್ಲಿ ನಿಂತು ನೋಡಿದ್ದೆ. ಮನೆಯಲ್ಲಿ ತಮಿಳು ಮಾತಾಡುವ ಒಬ್ಬ ಹುಡುಗಿ ಬೋರ್ಡಿನ ಮೇಲೆ ಲೆಕ್ಕ ಬರೆದು, ಸಮ ಚಿಹ್ನೆಯ ಆಚೆಗೆ ಸುಣ್ಣದ ಕಡ್ಡಿ ಊರಿ, "ನಾನು ತಪ್ಪಿದ್ದು ಇಲ್ಲಿ. ಈ ಕಡೆ ಬಂದ್ಮೇಲೆ ಮೈನಸ್ಸು ಪ್ಲಸ್ಸಾಗ್ಬೇಕಿತ್ತು, ಹಂಗೇ ಬಿಟ್ಬಿಟ್ಟೆ. ನೀವು ಇಲ್ಲಿ ಬಂದಾಗ ಒಂದು ಸಲ ಉಸಿರು ತಗೊಳ್ಳಿ" ಎಂದಳು. ಮಕ್ಕಳು ನಿಜವಾಗಿಯೂ ಉಸಿರು ತಗೊಂಡರು. ನಗು ಬಂತು ನನಗೆ. ಹಿಂದೆಯೇ ಒಂದು ಬಗೆಯ ಕಸಿವಿಸಿಯೂ ಆಯಿತು. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಕಮಿಟಿಗೆ ಆ ಪದ್ಧತಿ ಹಿಡಿಸಿರಲಿಲ್ಲ. ನಮ್ಮ ಖಜಾಂಚಿ ಅಡಿಕೆ ಮಂಡಿಯವರು. "ಒಳ್ಳೆ ಅಡಿಕೆ ಮೂಟೆಗೆ ಯಾರಾದ್ರೂ ಕೊಳೆ ಅಡಿಕೆ ಬೆರೆಸ್ತಾರೇನ್ರಿ? ಅಡ್ಮಿಷನ್ನಿಗೆ ಬರೋ ತಂದೆ ತಾಯಿ ಏನಂತಾರೆ?" ಎಂದು ಪ್ರತಿ ಸಭೆಯಲ್ಲೂ ಎತ್ತುತ್ತಿದ್ದರು.

ಆ ಹೊತ್ತಿಗೆ ಮೇಡಂ ಅವರಿಗೆ ಭೋಪಾಲಿನಿಂದ ಕರೆ ಬಂತು. ದೇಶದ ಬೇರೆ ಬೇರೆ ಕಡೆಯ ಶಾಲಾ ಮುಖ್ಯಸ್ಥರ ಸಮ್ಮೇಳನ. ತಮ್ಮ ಪದ್ಧತಿಯ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ಸಭೆಯಲ್ಲಿ ಅವರು ಅದನ್ನು ಹೇಳಿದಾಗ ಖಜಾಂಚಿ ಒಂದು ಮಾತು ಇಟ್ಟರು.

"ನೋಡಿ ಮೇಡಂ, ನಮಗೇನು ಹಟ ಇಲ್ಲ. ಅಲ್ಲಿ ತಿಳಿದವರು ನಾಲ್ಕು ಜನ ಕೇಳಿ ಹೌದು ಅಂದ್ರೆ ನಾವೂ ಹೌದು ಅಂತೀವಿ. ಇಲ್ಲ ಅಂದ್ರೆ ಜೂನಿಂದ ಇದು ಬಂದ್."

"ಆಯ್ತು ಸಾರ್" ಎಂದರು ಮೇಡಂ. "ಒಬ್ಳೇ ಹೋಗ್ಬರ್ತೀನಿ."

"ಒಬ್ರೇ ಅಷ್ಟು ದೂರನಾ? ಛೆ ಛೆ" ಎಂದೆ ನಾನು. "ಸಂಸ್ಥೆ ಪರವಾಗಿ ಒಬ್ರು ಇರಬೇಕಲ್ವಾ. ನಾನೂ ಬರ್ತೀನಿ. ಅಲ್ಲಿ ಏನಾಯ್ತು ಅಂತ ಬಂದು ಕಮಿಟಿಗೆ ಹೇಳೋಕೂ ಒಬ್ರು ಬೇಕು."

ಅವರ ಕ್ಷೇಮಕ್ಕಾಗಿ ಹೊರಟೆ ಎಂದು ಎಲ್ಲರ ಹತ್ತಿರ ಹೇಳಿದೆ. ನಿಜ ಅದಲ್ಲ. ಹೊರ ರಾಜ್ಯದ ಒಂದು ದೊಡ್ಡ ವೇದಿಕೆಯನ್ನು ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಅದರ ಮೇಲೆ ನಿಲ್ಲಬೇಕು ಎಂಬ ಆಸೆ ನನಗಿತ್ತು.

ಬೆಂಗಳೂರಿಗೆ ಹೋಗಿ ಅಲ್ಲಿಂದ ಉತ್ತರದ ರೈಲು ಹಿಡಿದೆವು. ಮೇಡಂ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ತಮ್ಮ ಭಾಷಣವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಅವರೂ ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. 'ನಮ್ಮ ಶಾಲೆಯಲ್ಲಿ ಫೇಲಾದವರೇ ಮೇಷ್ಟರು' ಎಂಬುದು ಮೊದಲ ವಾಕ್ಯ. ಆಂಧ್ರ ದಾಟಿದರೂ ಆ ವಾಕ್ಯ ಅವರಿಗೆ ಸಮಾಧಾನವಾಗಿರಲಿಲ್ಲ. ಪದ ಹಿಂದೆ ಮುಂದೆ ಮಾಡಿ ಮತ್ತೆ ಹೇಳಿಕೊಳ್ಳುವರು.

"ಇಷ್ಟೊಂದು ಯಾಕೆ ಮೇಡಂ? ಕಾಗದ ನೋಡ್ಕೊಂಡು ಓದಿದ್ರಾಯ್ತು" ಎಂದೆ.

"ಓದಿದ್ರೆ ಯಾರು ಕೇಳ್ತಾರೆ ಸಾರ್? ಇದೊಂದು ಸರಿಯಾಗಿ ಹೇಳ್ಬಿಟ್ರೆ ಮಕ್ಕಳ ಜಾಗ ಉಳಿಯುತ್ತೆ. ಖಜಾಂಚಿಗಳು ಆಡಿದ ಮಾತಿಗೆ ತಪ್ಪಲ್ಲ."

ಬಟ್ಟೆ ತೆಗೆಯಲು ನಾನು ಸೀಟಿನ ಕೆಳಗಿನ ಸೂಟ್‌ಕೇಸ್ ತೆರೆದಾಗ ಪೇಟದ ಡಬ್ಬಿ ಅವರ ಕಣ್ಣಿಗೆ ಬಿತ್ತು.

"ಇದೇನ್ ಸಾರ್?"

"ನಮ್ಮ ಕಡೆ ಮರ್ಯಾದೆ ಅಂತ ಒಂದು ಇರುತ್ತಲ್ಲ ಮೇಡಂ. ಅಧ್ಯಕ್ಷರಿಗೆ ಒಂದು ಪೇಟ, ಹಾರ. ಪಕ್ಕದಲ್ಲಿ ಕೂತವರಿಗೆ ಶಾಲು. ಬರಿಗೈಲಿ ಹೋಗಕ್ಕಾಗುತ್ತಾ?"

ಅವರು ಡಬ್ಬಿಯನ್ನು ನೋಡಿ, "ಅಲ್ಲಿ ಟೈಮು ಭಾರಿ ಕಟ್ಟುನಿಟ್ಟಂತೆ ಸಾರ್. ಗಂಟೆ ಹೊಡೆದ್ರೆ ಇಳಿಯಲೇಬೇಕಂತೆ. ಕೊಡೋದಿದ್ರೆ ಊಟದ ಹೊತ್ತಲ್ಲಿ ಕೊಡಿ. ನನ್ನ ಮಾತಿನ ಹೊತ್ತಲ್ಲಿ ಬೇಡ" ಎಂದರು.

"ನೀವು ಯೋಚನೆ ಮಾಡ್ಬೇಡಿ" ಎಂದೆ.

ಅವರು ಹೇಳಿರಲಿಲ್ಲ, ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹೇಳಿದ್ದರು.

ಭೋಪಾಲಿನ ಆ ಸಭಾಂಗಣ ನೋಡಿ ನನಗೆ ನಿರಾಸೆಯಾಯಿತು. ವೇದಿಕೆಗೆ ಹೂವಿಲ್ಲ, ಬ್ಯಾನರಿಗೆ ಝಾಲರಿಯಿಲ್ಲ. ಮುಖ್ಯರಿಗೂ ಮಿಕ್ಕವರಿಗೂ ಒಂದೇ ಬಗೆಯ ಕುರ್ಚಿ. ಒಂದು ಮೇಜು, ಅದರ ಮೇಲೊಂದು ಹಿತ್ತಾಳೆ ಗಂಟೆ. ಒಬ್ಬರು ಬಂದು ಮಾತಾಡುವರು, ಗಂಟೆ ಹೊಡೆಯುವುದು, ಇಳಿಯುವರು. ಸ್ವಾಗತವಿಲ್ಲ, ವಂದನಾರ್ಪಣೆಯಿಲ್ಲ. ಈ ಬಡ ಕಾರ್ಯಕ್ರಮಕ್ಕೆ ಕಳೆ ತರಬೇಕಾದವನು ನಾನೇ ಎಂದುಕೊಂಡೆ. ಊಟದ ಹೊತ್ತಿನಲ್ಲಿ ಅಧ್ಯಕ್ಷಿಣಿ ತಟ್ಟೆ ಹಿಡಿದು ನಿಂತೇ ಊಟ ಮಾಡುತ್ತಿದ್ದರು. ಊಟ ಮಾಡುವವರ ತಲೆಗೆ ಪೇಟ ಇಡುವುದು ಹೇಗೆ? ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ. ಹಾಗಾಗಿ ಕಾದೆ.

ಮೇಡಂ ಅವರ ಸರದಿ ಬಂತು. ಮೈಕಿನ ಮುಂದೆ ನಿಂತು ಆ ಮೊದಲ ವಾಕ್ಯವನ್ನು ಹೇಳಿದರು. ತಡವರಿಸಲಿಲ್ಲ. ಸಭೆಯಲ್ಲಿ ಮೊಬೈಲು ನೋಡುತ್ತಿದ್ದ ಕೆಲವರು ತಲೆಯೆತ್ತಿದರು. ಅದನ್ನು ನಾನು ನೋಡಿದೆ. ನೋಡಿಯೂ ಎದ್ದೆ.

ಮೆಟ್ಟಿಲು ಹತ್ತಿ ಹೋಗಿ, "ಒನ್ ಮಿನಿಟ್ ಮೇಡಂ" ಎಂದು ಮೈಕಿಗೆ ಕೈ ಹಾಕಿದೆ. ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಿಂದ ಬಂದಿದ್ದೇವೆ, ಇದು ನಮ್ಮ ಸಂಸ್ಕೃತಿ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಶುರುಮಾಡಿ, ಅದು ಸಾಲದಾದಾಗ ಕನ್ನಡದಲ್ಲಿ ಮುಂದುವರಿಸಿದೆ. ಅಧ್ಯಕ್ಷಿಣಿಗೆ ಹಾರ ಹಾಕಿ ಶಾಲು ಹೊದಿಸಿದೆ. ಪೇಟ ಅವರ ತಲೆಗೆ ದೊಡ್ಡದಾಯಿತು, ಹುಬ್ಬಿನ ಮೇಲೆ ಜಾರಿತು, ಸರಿಮಾಡಿದೆ, ಮತ್ತೆ ಜಾರಿತು. ಸಭೆ ನಕ್ಕು ಚಪ್ಪಾಳೆ ಹೊಡೆಯಿತು. ಪಕ್ಕದಲ್ಲಿ ಕೂತವರನ್ನು ಬಿಟ್ಟರೆ ತಪ್ಪಾಗುತ್ತದೆ, ಅವರಿಗೂ ಒಬ್ಬೊಬ್ಬರಿಗೇ ಹೊದಿಸಿದೆ. ಫೋಟೊ ತೆಗೆಯುವವನು ಇನ್ನೊಮ್ಮೆ ಎಂದ, ಇನ್ನೊಮ್ಮೆ ನಿಂತೆವು. ನಮ್ಮ ಶಾಲೆ ಹುಟ್ಟಿದ ಬಗೆ, ನಮ್ಮಪ್ಪನ ಹೆಸರು ಎಲ್ಲ ಹೇಳಿದೆ. ಮೇಡಂ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತಿದ್ದರು.

ನಾನು ಇಳಿದು ಬಂದು ಕೂತೆ. ಅವರು ಮತ್ತೆ ಮೈಕಿನ ಹತ್ತಿರ ಬಂದು ಆ ತಮಿಳು ಹುಡುಗಿಯ ಮಾತನ್ನು ಹೇಳಲು ಶುರುಮಾಡಿದರು. ಅವಳು ಬೋರ್ಡಿನ ಹತ್ತಿರ ಹೋದಳು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಅಧ್ಯಕ್ಷಿಣಿ ಜಾರುವ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕ್ಷಮಿಸಿ, ಮುಂದಿನವರು ಕಾಯುತ್ತಿದ್ದಾರೆ ಎಂದರು. ನೋಡಿ, ಕ್ಷಮಿಸಿ ಎಂಬ ಮಾತನ್ನು ಆವತ್ತು ಮೇಡಂ ಅವರಿಗೆ ಹೇಳಿದವರು, ಯಾವ ತಪ್ಪೂ ಮಾಡದ ಆಕೆ.

ಚಹಾದ ಹೊತ್ತಿನಲ್ಲಿ ಬೇರೆ ಯಾವುದೋ ರಾಜ್ಯದ ಒಬ್ಬ ಹೆಣ್ಣುಮಗಳು ಮೇಡಂ ಹತ್ತಿರ ಬಂದು, ಆ ಹುಡುಗಿ ಬೋರ್ಡಿನ ಹತ್ತಿರ ಹೋಗಿ ಏನು ಮಾಡಿದಳು ಎಂದು ಕೇಳಿದರು. ಮೇಡಂ ಮುಖ ಅರಳಿತು. ನಾನು ನಡುವೆ ನುಗ್ಗಿ ಮೊಬೈಲಿನಲ್ಲಿದ್ದ ಪೇಟದ ಫೋಟೊ ತೋರಿಸಿದೆ. ಆಕೆ ನಕ್ಕು, ಚೆನ್ನಾಗಿದೆ ಎಂದು ಹೊರಟುಹೋದರು.

ವಾಪಸು ಬರುವಾಗ ಮೇಡಂ ಏನನ್ನೂ ಹೇಳಿಕೊಳ್ಳಲಿಲ್ಲ, ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಒಂದು ಸ್ಟೇಷನ್ನಿನಲ್ಲಿ ಬಾಳೆಹಣ್ಣು ಕೊಂಡು ಅರ್ಧ ನನಗೆ ಕೊಟ್ಟರು. ಬೈದಿದ್ದರೆ ನಾನೂ ಏನಾದರೂ ವಾದಿಸುತ್ತಿದ್ದೆ. ಕೊಟ್ಟ ಹಣ್ಣನ್ನು ತಿಂದೆ.

ಊರಿಗೆ ಬಂದ ಮೇಲೆ ಕಮಿಟಿ ಸಭೆ ಸೇರಿತು. ಖಜಾಂಚಿ ನನ್ನನ್ನೇ ಕೇಳಿದರು, "ಹೇಳಪ್ಪ ಮಾರಾಯ, ಅಲ್ಲಿ ಏನಂದ್ರು?"

"ಸನ್ಮಾನ ಅಂದ್ರೆ ಭರ್ಜರಿ ಆಯ್ತು" ಎಂದೆ. "ಆದ್ರೆ ಇವರ ಕ್ಲಾಸಿನ ವಿಷಯ ಯಾರೂ ಏನೂ ಅನ್ನಲಿಲ್ಲ."

ಇದರಲ್ಲಿ ಸುಳ್ಳಿಲ್ಲ. ಕೇಳಿಸಿಕೊಳ್ಳದವರು ಏನನ್ನುತ್ತಾರೆ? ಮೇಡಂ ಮೇಜಿನ ಆ ತುದಿಯಲ್ಲಿ ಕೂತಿದ್ದರು. ನನ್ನ ಕಡೆ ನೋಡಿದರು. ನಾನೀಗ ಪೂರ್ತಿ ಮಾತು ಹೇಳುತ್ತೇನೇನೋ ಎಂದು ಕಾದಂತಿತ್ತು. ನಾನು ಚಹಾದ ಲೋಟ ಎತ್ತಿಕೊಂಡೆ. ಜೂನಿನಿಂದ ಆ ಪದ್ಧತಿ ನಿಂತುಹೋಯಿತು. ಮೊದಲ ದಿನ ಬಂದ ಫೇಲಾದ ಮಕ್ಕಳನ್ನು ಗೇಟಿನಿಂದಲೇ ಕಳಿಸಿದರು.

ಬಾಯಿ ಬಿಡದೇ ಇರಲು ನನಗೆ ಇನ್ನೊಂದು ಕಾರಣವೂ ಇತ್ತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ಫೇಲಾದವನು. ಎರಡನೇ ಸಲಕ್ಕೆ ಪಾಸಾದದ್ದು. ಹೆಂಡತಿಗೂ ಹೇಳಿರಲಿಲ್ಲ, ಕಮಿಟಿಗೆ ಹೇಳುವುದೆಲ್ಲಿ ಬಂತು? ಆ ಮಕ್ಕಳು ಬೋರ್ಡಿನ ಮುಂದೆ ನಿಂತು "ನಾನು ತಪ್ಪಿದ್ದು ಇಲ್ಲಿ" ಎಂದಾಗೆಲ್ಲ ಯಾರೋ ನನ್ನ ಅಂಗಿಯ ಕಾಲರು ಹಿಡಿದಂತೆ ಆಗುತ್ತಿತ್ತು. ಪದ್ಧತಿ ನಿಂತದ್ದು ಒಳಗೊಳಗೆ ನನಗೆ ಹಾಯೆನಿಸಿತು. ಇದೇ ಎಲ್ಲಕ್ಕಿಂತ ಕೆಟ್ಟದ್ದು.

ಮೇಡಂ ನಿವೃತ್ತರಾದ ದಿನವೂ ಪೇಟ ತಂದಿದ್ದೆ. "ಪೇಟ ಬೇಡ ಸಾರ್, ತಲೆ ನೋಯುತ್ತೆ" ಎಂದರು. ಹಾರವನ್ನು ಕೈಯಲ್ಲೇ ಇಸ್ಕೊಂಡು ಮೇಜಿನ ಮೇಲಿಟ್ಟರು.

ವರ್ಷಗಳು ಕಳೆದವು. ನಾನು ಕಮಿಟಿ ಬಿಟ್ಟೆ. ಈ ವರ್ಷ ಖಜಾಂಚಿಯ ಮಗ ಮನೆಗೆ ಬಂದ, ಈಗ ಕಾರ್ಯದರ್ಶಿ ಅವನೇ. ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನವಂತೆ. "ಪೇಟ ನಿಮ್ಮಂಗಡೀದೇ ದೊಡ್ಡಪ್ಪ, ಬಾಡಿಗೆ ಹಾಕ್ಬೇಡಿ ಮತ್ತೆ" ಎಂದು ತಮಾಷೆ ಮಾಡಿದ. ನಾನೂ ನಕ್ಕೆ. ಅವನು ಹೋದ ಮೇಲೆ ಊಟ ಸೇರಲಿಲ್ಲ.

ಮಾರನೆಯ ದಿನ ಹೊಸಮನೆಗೆ ಹೋದೆ. ಯಾರ ಮನೆಗೆ ಹೋದರೂ ಹಣ್ಣು ಒಯ್ಯುವುದು ನನ್ನ ರೂಢಿ. ಅವತ್ತು ಬೇಕೆಂದೇ ಒಯ್ಯಲಿಲ್ಲ. ಮೇಡಂ ಬಾಗಿಲು ತೆರೆದು, ನನ್ನ ಕೈ ನೋಡಿ, "ಇದೇನ್ ಸಾರ್, ಕೈ ಬೀಸ್ಕೊಂಡು ಬಂದಿದ್ದೀರಿ? ಪೇಟ ಎಲ್ಲಿ?" ಎಂದರು. ನಗುತ್ತಲೇ ಅಂದದ್ದು. ಮರೆತಿಲ್ಲ ಎಂದು ಗೊತ್ತಾಯಿತು.

ಕೂತೆ. ಕಾಫಿ ಕೊಟ್ಟರು. ಹೇಳಬೇಕಾದ ಮಾತನ್ನು ಹೇಳಲಿಲ್ಲ. ಅದರ ಬದಲು, "ವಾರ್ಷಿಕೋತ್ಸವದಲ್ಲಿ ನನಗೆ ಅಂತ ಒಂದಷ್ಟು ಹೊತ್ತು ಇಟ್ಟಿದ್ದಾರೆ ಮೇಡಂ. ನನಗೆ ಬೇಡ. ಆ ಹೊತ್ತಲ್ಲಿ ನೀವು ಭೋಪಾಲಿನ ಭಾಷಣ ಮಾಡಿ" ಎಂದೆ.

"ಯಾರಿಗೆ ಸಾರ್? ಡ್ಯಾನ್ಸ್ ಯಾವಾಗ ಶುರುವಾಗುತ್ತೆ ಅಂತ ಕಾಯೋರಿಗಾ?"

"ಅಲ್ಲ ಮೇಡಂ, ಜನಕ್ಕೆ ಗೊತ್ತಾಗ್ಲಿ ಅಂತ..."

"ಜನಕ್ಕೆ ಗೊತ್ತಾಗಿ ಏನಾಗ್ಬೇಕು? ಫೇಲಾದ ಮಕ್ಕಳನ್ನ ಮತ್ತೆ ಕೂರಿಸ್ತಾರಾ? ಹಂಗಾದ್ರೆ ಹೇಳಿ, ನಾಳೇನೇ ಬರ್ತೀನಿ. ಸ್ಟೇಜ್ ಹತ್ತೋಕೆ, ಶಾಲು ಹೊದಿಸ್ಕೊಳ್ಳೋಕೆ ನಾನು ಬರಲ್ಲ."

ಅಲ್ಲಿಂದ ಎದ್ದು ಬರುವಾಗ ನನ್ನೊಳಗೆ ಒಂದು ಹಟ ಕೂತಿತು. ಈ ವಯಸ್ಸಿನಲ್ಲಿ ಬರುವ ಹಟ ಸುಲಭಕ್ಕೆ ಬಿಡುವಂಥದ್ದಲ್ಲ. ಭದ್ರಾವತಿಗೆ ಹೋಗಿ ಈಗಿನ ಕಮಿಟಿಯ ಮುಂದೆ ಕೂತೆ. ಭೋಪಾಲಿನಲ್ಲಿ ನಡೆದದ್ದನ್ನು, ಸಭೆಯಲ್ಲಿ ನಾನು ನುಂಗಿಕೊಂಡ ಅರ್ಧ ಮಾತನ್ನು ಹೇಳಿದೆ. ಸನ್ಮಾನ ಬೇಡ, ಆ ತರಗತಿ ಮತ್ತೆ ಶುರುಮಾಡಿ ಎಂದೆ.

"ಅಲ್ಲಾ ದೊಡ್ಡಪ್ಪ, ಈಗ ಫೇಲಾದೋರು ಅದೇ ವರ್ಷ ಮತ್ತೆ ಪರೀಕ್ಷೆ ಬರೀಬಹುದು" ಎಂದ ಕಾರ್ಯದರ್ಶಿ.

"ಬರೀಬಹುದು. ಹೇಳ್ಕೊಡೋರು ಯಾರು?"

"ರೂಮಿಲ್ಲ."

"ಮೈದಾನ ಇದೆಯಲ್ಲ. ಶಾಮಿಯಾನ ನಂದು."

"ಮಳೆ ಬಂದ್ರೆ?"

"ತಗಡು ಹೊದಿಸ್ತೀನಿ."

ಅವನು ಬೇಡವೆಂದ. ಮರುವಾರ ಮತ್ತೆ ಹೋದೆ. ಅದರ ಮರುವಾರವೂ ಹೋದೆ. ನನ್ನನ್ನು ಕಂಡರೆ ಆಫೀಸಿನ ಹಿಂದಿನ ಬಾಗಿಲಿನಿಂದ ಹೋಗುವ ಅಭ್ಯಾಸ ಮಾಡಿಕೊಂಡ. ಹಿಂದಿನ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತೆ. ಕುರ್ಚಿ ಹಾಕುವುದು ನನ್ನ ವೃತ್ತಿ ತಾನೆ? ಕೊನೆಗೆ ಕೈಮುಗಿದು, "ಶನಿವಾರ ಮಧ್ಯಾಹ್ನ ಮಾತ್ರ ದೊಡ್ಡಪ್ಪ, ಶಾಲೆ ಬಿಟ್ಟ ಮೇಲೆ. ಒಂಬತ್ತನೇ ಕ್ಲಾಸಿನವರು ಇಷ್ಟ ಇದ್ರೆ ಕೂರ್ತಾರೆ" ಎಂದ.

ಮೈದಾನದ ಮೂಲೆಯಲ್ಲಿ ನಿಂತು ಕಂಬ ನೆಡಿಸಿದೆ. ಎಷ್ಟೋ ಸಾವಿರ ಶಾಮಿಯಾನ ಹಾಕಿಸಿದ್ದೇನೆ. ವೇದಿಕೆಯಿಲ್ಲದ್ದು ಇದೊಂದೇ. ಒಂದು ಬೋರ್ಡು, ಒಂದೇ ಬಗೆಯ ಪ್ಲಾಸ್ಟಿಕ್ ಕುರ್ಚಿಗಳು. ಮಖಮಲ್ ಕುರ್ಚಿ ಹಾಕಲಾ ಎಂದು ಕೇಳಿದ ತಮ್ಮನ ಮಗನಿಗೆ ಬೈದೆ.

ಸುದ್ದಿ ತಿಳಿಸಿದ್ದೆ, ಆಡಿದ ಮಾತಿನಂತೆ ಮೇಡಂ ಬಸ್ಸಿಳಿದು ಬಂದರು. ಶಾಮಿಯಾನವನ್ನು ಸುತ್ತಲೂ ನೋಡಿ, "ಸಾರ್, ಇದನ್ನ ಹಾಕಿಸಿದ್ದಕ್ಕೆ ಅದು ತೀರಿಹೋಯ್ತು ಅಂದ್ಕೋಬೇಡಿ" ಎಂದರು. ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. "ಇಲ್ಲ ಮೇಡಂ" ಎಂದೆ. ಅಲ್ಲೇ, ಆಗಲೇ ಹೇಳಿಬಿಡಬಹುದಿತ್ತು. ಅಷ್ಟರಲ್ಲಿ ಮಕ್ಕಳು ಬಂದರು. ಮಕ್ಕಳು ಬಂದದ್ದು ನನಗೆ ಅನುಕೂಲವೇ ಆಯಿತು.

ಅಂದಿನಿಂದ ಪ್ರತಿ ಶನಿವಾರ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ನಾನು ತಪ್ಪಿದ್ದು ಇಲ್ಲಿ ಎಂದು ತೋರಿಸುತ್ತಾರೆ. ಮೊದಲು ನಾಚುತ್ತಾರೆ. ಒಮ್ಮೆ ಹೇಳಿದ ಮೇಲೆ ಬೆನ್ನು ನೆಟ್ಟಗಾಗುತ್ತದೆ. ಕಳೆದ ಶನಿವಾರ ಒಬ್ಬಳು ಪಾಠ ಮುಗಿಸಿ, ಕೈಯ ಸುಣ್ಣ ಕೊಡವಿಕೊಳ್ಳುತ್ತ, "ತಾತ, ನೀವು ಯಾವಾಗ್ಲೂ ಸುಮ್ನೆ ಕೂತಿರ್ತೀರಲ್ಲ, ನೀವೆಲ್ಲಿ ತಪ್ಪಿದ್ದು?" ಎಂದು ಕೇಳಿದಳು.

ಎಲ್ಲರೂ ತಿರುಗಿ ನೋಡಿದರು. "ಬೀಜಗಣಿತದಲ್ಲಿ ಕಣಮ್ಮ. ಒಂದು ಸಲ ಫೇಲಾಗಿದ್ದೆ" ಎಂದೆ. ಜೀವಮಾನವಿಡೀ ಮುಚ್ಚಿಟ್ಟದ್ದು ಇಷ್ಟು ಸಲೀಸಾಗಿ ಹೊರಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಮೇಡಂ ಹೊಡೆಯಲಿಲ್ಲ. ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು.

ತರಗತಿ ಬಿಟ್ಟ ಮೇಲೆ ಅವರ ಹತ್ತಿರ ಹೋದೆ. "ಮೇಡಂ, ನಾನು ತಪ್ಪಿದ್ದು ಅದೊಂದೇ ಕಡೆ ಅಲ್ಲ. ಮುಂದಿನ ಶನಿವಾರ ನನಗೂ ಬೋರ್ಡಿನ ಹತ್ತಿರ ಸ್ವಲ್ಪ ಹೊತ್ತು ಕೊಡ್ತೀರಾ? ನೀವು ಒಪ್ಪಿದ್ರೆ ಮಾತ್ರ."

ಅವರು ಬೋರ್ಡು ಒರೆಸುತ್ತಿದ್ದರು. ಒರೆಸಿ ಮುಗಿಸಿ, "ಎಷ್ಟು ನಿಮಿಷ ಬೇಕು?" ಎಂದು ಕೇಳಿದರು.

"ಎರಡು ನಿಮಿಷ ಸಾಕು."

"ಸರಿ" ಎಂದರು ಮೇಡಂ. "ಆದ್ರೆ ಗಂಟೆ ನನ್ನ ಕೈಲಿರುತ್ತೆ ಸಾರ್."

ಈ ವಾರವೆಲ್ಲ ಒಂದೇ ವಾಕ್ಯವನ್ನು ಹೇಳಿಕೊಳ್ಳುತ್ತಿದ್ದೇನೆ, ರೈಲಿನಲ್ಲಿ ಅವರು ಹೇಳಿಕೊಳ್ಳುತ್ತಿದ್ದ ಹಾಗೆ. ಕಾಗದ ನೋಡಿ ಓದುವುದಿಲ್ಲ. ನಾಳೆ ಶನಿವಾರ. ಕಾರು ಬೇಡವೆಂದು ತಮ್ಮನ ಮಗನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಹೋಗುತ್ತೇನೆ.